ಡಾಂಬರಿನ ಮುಪ್ಪು ಮತ್ತು ಅದರ ಪರೀಕ್ಷೆ

ಡಾಂಬರು ರಸ್ತೆಗೆ ಮುಪ್ಪು ತರುವುವು ಬಿಸಿಲು, ಮಳೆ ಮತ್ತು ವಾಹನಗಳ ಭಾರ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಆ ಮುಪ್ಪಿನ ಗಣನೀಯವಾದ ಭಾಗವು ರಸ್ತೆಯ ಮೇಲೆ ಮೊದಲ ಗಾಡಿ ಉರುಳುವುದಕ್ಕೆ ಮುಂಚೆಯೇ ಒದಗಿರುತ್ತದೆ. ಕಾರ್ಖಾನೆಯಲ್ಲಿ ಸುಮಾರು 150 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಜಲ್ಲಿಯೊಡನೆ ಬೆರೆಯುವಾಗ ಡಾಂಬರು ಪ್ರತಿಯೊಂದು ಕಲ್ಲಿನ ಮೇಲೂ ಅತಿ ತೆಳುವಾದ ಪೊರೆಯಾಗಿ ಹರಡುತ್ತದೆ. ಆಗ ಅದರ ಹಗುರವಾದ ಅಂಶಗಳು ಆವಿಯಾಗಿ ಹೋಗುತ್ತವೆ. ಉಳಿದುದರೊಡನೆ ಗಾಳಿಯ ಆಮ್ಲಜನಕವು ಸಂಯೋಗ ಹೊಂದಿ ಅದನ್ನು ಗಡುಸುಗೊಳಿಸುತ್ತದೆ. ಲಾರಿಯಲ್ಲಿ ಸಾಗುವಾಗಲೂ, ಹಾಸಿ ರೋಲರಿನಿಂದ ಅದುಮುವವರೆಗೂ ಈ ಕ್ರಿಯೆ ನಡೆದೇ ಇರುತ್ತದೆ. ಇದಕ್ಕೆ ಅಲ್ಪಕಾಲಿಕ ವಾರ್ಧಕ್ಯವೆಂದು ಹೆಸರು.

ಪ್ರಯೋಗಶಾಲೆಯಲ್ಲಿ ಆಗತಾನೆ ಬೆರೆಸಿದ ಮಿಶ್ರಣವನ್ನು ಕೂಡಲೇ ಅಚ್ಚಿಗೆ ಹಾಕಿ ಪರೀಕ್ಷಿಸಿದರೆ ಎರಡು ಬಗೆಯ ಭ್ರಾಂತಿ ಉಂಟಾಗುವುದು. ಮೊದಲನೆಯದಾಗಿ, ಆ ಮಾದರಿಯು ನಿಜವಾದ ರಸ್ತೆಗಿಂತ ಮೆದುವಾಗಿ ತೋರುತ್ತದೆ. ಎರಡನೆಯದು ಇನ್ನೂ ಅಪಾಯಕರ. ಕಲ್ಲಿನ ರಂಧ್ರಗಳು ಡಾಂಬರನ್ನು ಹೀರಿಕೊಳ್ಳಲು ಕಾಲಾವಕಾಶ ಬೇಕು. ಅದನ್ನು ಕೊಡದಿದ್ದರೆ ಕಲ್ಲುಗಳ ನಡುವೆ ಡಾಂಬರು ಧಾರಾಳವಾಗಿರುವಂತೆ ಕಂಡು, ಎಂಜಿನಿಯರು ಅದರ ಪ್ರಮಾಣವನ್ನು ಕಡಿಮೆ ಮಾಡುವ ಸಂಭವವುಂಟು. ಮುಂದೆ ಲಾರಿಯಲ್ಲಿ ಕಲ್ಲು ತನ್ನ ಪಾಲನ್ನು ಹೀರಿಯೇ ತೀರುತ್ತದೆ. ರಸ್ತೆಗೆ ಉಳಿಯುವುದು ಒಣಗಿದ ಮಿಶ್ರಣ. ಅಂತಹ ರಸ್ತೆಯ ಜಲ್ಲಿ ಬೇಗನೆ ಕಿತ್ತುಬರುತ್ತದೆ.

ಆದುದರಿಂದಲೇ ಮುಪ್ಪನ್ನು ಕೃತಕವಾಗಿ ತರಿಸುವ ವಿಧಾನಗಳು ಹುಟ್ಟಿದುವು. ಅಮೆರಿಕದಲ್ಲಿ 1940ರಲ್ಲಿ ಲೂಯಿಸ್ ಮತ್ತು ವೆಲ್‌ಬಾರ್ನ್ ಎಂಬವರು ಡಾಂಬರನ್ನು ತೆಳುವಾದ ಪದರವಾಗಿ ಓವನ್ನಿನಲ್ಲಿ ಕಾಯಿಸುವ ಪರೀಕ್ಷೆಯನ್ನು ಪ್ರಕಟಿಸಿದರು. 1963ರಲ್ಲಿ ಕ್ಯಾಲಿಫೋರ್ನಿಯದ ಹೆದ್ದಾರಿ ವಿಭಾಗದವರು ಅದನ್ನು ಸುಧಾರಿಸಿದರು. ಈ ಕ್ರಮದಲ್ಲಿ 35 ಗ್ರಾಂ ಡಾಂಬರು ತುಂಬಿದ ಗಾಜಿನ ಸೀಸೆಗಳು 163 ಡಿಗ್ರಿ ಶಾಖದಲ್ಲಿ ನಿಮಿಷಕ್ಕೆ 15 ಸುತ್ತಿನಂತೆ ತಿರುಗುತ್ತಿರುತ್ತವೆ. ಒಳಗೆ ಬಿಸಿಗಾಳಿ ಬೀಸುತ್ತಿರುತ್ತದೆ. ಭಾರತದ ಐ.ಎಸ್. 73 ಎಂಬ ಮಾನಕವು 2013ರ ಆವೃತ್ತಿಯಲ್ಲಿ, ಹೀಗೆ ಕಾಯ್ದ ಡಾಂಬರಿನ ಸ್ನಿಗ್ಧತೆಯು 60 ಡಿಗ್ರಿಯಲ್ಲಿ ಮೊದಲಿನ ನಾಲ್ಕು ಪಟ್ಟನ್ನು ಮೀರಬಾರದೆಂದು ವಿಧಿಸಿತು.

ಆದರೆ ಸೀಸೆಯಲ್ಲಿ ಕಲ್ಲಿಲ್ಲ. ಕಲ್ಲು ಹೀರುವ ಬಗೆಯನ್ನು ತಿಳಿಯಲು ಮಿಶ್ರಣವನ್ನೇ ಕಾಯಿಸಬೇಕು. 1987ರಿಂದ 1993ರವರೆಗೆ ಅಮೆರಿಕದಲ್ಲಿ ನಡೆದ ಹೆದ್ದಾರಿ ಸಂಶೋಧನಾ ಯೋಜನೆಯ ಫಲವಾಗಿ, ಅದುಮದ ಸಡಿಲ ಮಿಶ್ರಣವನ್ನು ತಟ್ಟೆಯಲ್ಲಿ ಹರಡಿ, 135 ಡಿಗ್ರಿಯಲ್ಲಿ 4 ಗಂಟೆ ಇರಿಸಿ, ಗಂಟೆಗೊಮ್ಮೆ ಕದಡುವ ಪದ್ಧತಿ ರೂಢಿಗೆ ಬಂತು. ಮುಂದೆ ಕಾರ್ಖಾನೆಯ ಮಿಶ್ರಣಗಳನ್ನೂ ರಸ್ತೆಯಿಂದ ಕೊರೆದು ತೆಗೆದ ತುಂಡುಗಳನ್ನೂ ಹೋಲಿಸಿ ನೋಡಿದ 2015ರ ವರದಿಯೊಂದು 2 ಗಂಟೆಯೇ ಸಾಕೆಂದಿತು. ಕಡಿಮೆ ಶಾಖದಲ್ಲಿ ತಯಾರಾಗುವ ಮಿಶ್ರಣಕ್ಕೆ 116 ಡಿಗ್ರಿಯನ್ನು ಸೂಚಿಸಿತು.

ನಾಲ್ಕು ಗಂಟೆ ಎರಡಾದುದು ಸಣ್ಣ ವಿಷಯವಲ್ಲ. ಓವನ್ನಿನಲ್ಲಿ ಅತಿಯಾಗಿ ಗಡುಸಾದ ಮಾದರಿಯು, ಬೇಸಗೆಯಲ್ಲಿ ಚಕ್ರದ ಜಾಡಿಗೆ ಕುಸಿಯುವ ರಸ್ತೆಯನ್ನೂ ದೃಢವೆಂದು ಸಾರಬಲ್ಲುದು. ಓವನ್ನಿನ ಗಡಿಯಾರ ಸರಿಯೋ ತಪ್ಪೋ ಎಂಬುದನ್ನು ಓವನ್ನೇ ಹೇಳಲಾರದು. ಆ ತೀರ್ಪು ದೊರೆಯುವುದು ರಸ್ತೆಯಿಂದ ಕೊರೆದು ತಂದ ತುಂಡಿನಿಂದ. ಲಾರಿಯ ದಾರಿ ದೀರ್ಘವಾದಲ್ಲಿ, ಕಲ್ಲು ಹೆಚ್ಚು ಹೀರುವಂತಹುದಾದಲ್ಲಿ, ಮಾನಕದ ಒಂದೇ ಅಂಕೆಯನ್ನು ನೆಚ್ಚಿ ಕುಳಿತುಕೊಳ್ಳದೆ ಆ ತುಂಡನ್ನು ಪರೀಕ್ಷಿಸುವುದು ಅವಶ್ಯಕ.