ಯಾವ ತೋಟದ ಹಣ್ಣಿದು?

ಡಿಸೆಂಬರ್ ಬೆಳಗಿನಲ್ಲಿ ನಾಗಪುರದ ಹಳೆಯ ಬಡಾವಣೆ ಮಹಾಲಿಗೆ ಬಿಸಿಲು ತಡವಾಗಿ ಬರುತ್ತದೆ. ಮೊದಲು ಹಳೆಯ ಮನೆಗಳ ಮಹಡಿ ಬೆಳಗಿ, ಆಮೇಲೆ ಮೆಲ್ಲಗೆ ಗೋಡೆಗುಂಟ ಇಳಿದು ಬೀದಿ ಮುಟ್ಟುತ್ತದೆ. ಅಷ್ಟರಲ್ಲಿ ಗಾಂಧಿ ಗೇಟಿನ ಕೆಳಗೆ ಸ್ಕೂಟರುಗಳ ನೂಕುನುಗ್ಗಲು ಶುರುವಾಗಿರುತ್ತದೆ. ಭೋಸಲೆ ಅರಸರ ಕಾಲದ ಈ ಹೆಬ್ಬಾಗಿಲು ದಾಟಿ ಬಡಕಸ್ ಚೌಕದ ಕಡೆಗೆ ನಡೆದರೆ ಎರಡೂ ಬದಿಯಲ್ಲಿ ಬಟ್ಟೆ, ಪಾತ್ರೆ, ಪೂಜೆ ಸಾಮಾನಿನ ಅಂಗಡಿಗಳು. ಬಿಸಿ ಅವಲಕ್ಕಿ ಪೋಹೆಯ ಮೇಲೆ ತರ್ರಿ ಎಂಬ ಕೆಂಪು ಖಾರದ ಸಾರು ಸುರಿದು ಕೊಡುವವರ ಸುತ್ತ ಜನ. ಅವರ ಪಕ್ಕದಲ್ಲೇ ತಳ್ಳುಗಾಡಿಯಲ್ಲಿ ಗೋಪುರ ಕಟ್ಟಿಟ್ಟ ಸಂತ್ರಾ.

ನಾವು ಕಿತ್ತಳೆ ಎನ್ನುವ ಹಣ್ಣು ಇಲ್ಲಿ ಸಂತ್ರಾ. ಗಾಡಿಯ ಹಿಂದೆ ಕೂತ ಅಜ್ಜಿ ಬೆಲೆ ಹೇಳುವುದಕ್ಕೆ ಮೊದಲೇ ಒಂದು ಹಣ್ಣು ಎತ್ತಿಕೊಳ್ಳುತ್ತಾರೆ. ತೊಟ್ಟಿನ ಬುಡದಲ್ಲಿ ಸಿಪ್ಪೆ ಕೊಂಚ ಉಬ್ಬಿಕೊಂಡಿದೆ. ಅಲ್ಲಿಗೆ ಹೆಬ್ಬೆರಳು ಒತ್ತಿದ ಕೂಡಲೇ ಸಿಪ್ಪೆಯ ಎಣ್ಣೆ ಸಣ್ಣಗೆ ಸಿಡಿದು ಬಿಸಿಲಿನಲ್ಲಿ ಮಿನುಗುತ್ತದೆ. ಘಮ ಪಕ್ಕದ ಅಂಗಡಿಯವರೆಗೂ ಹೋಗುತ್ತದೆ. ಸಡಿಲವಾದ ಸಿಪ್ಪೆ ಎರಡೇ ಎಳೆತಕ್ಕೆ ಕಳಚಿಬರುತ್ತದೆ. ಬಿಳಿ ನಾರು ಬಿಡಿಸಿ ಒಂದು ತೊಳೆ ಅಂಗೈಗಿಟ್ಟು, "ಖಾವೂನ್ ಪಹಾ ನಾ ಜೀ" ಅನ್ನುತ್ತಾರೆ. ತಿಂದು ನೋಡಿ ಎಂಬ ಈ ಉಪಚಾರದಲ್ಲೇ ಮಹಾಲಿನ ವ್ಯಾಪಾರ ಶುರು.

ತೊಳೆ ಬಾಯಿಗಿಟ್ಟುಕೊಂಡಾಗ ಮೊದಲು ಸಿಹಿ, ಅದರ ಬೆನ್ನಿಗೇ ಚುರುಕು ಹುಳಿ. ಬೀಜ ಹಲ್ಲಿಗೆ ಸಿಕ್ಕರೆ ಮಾತ್ರ ಕಹಿ. ಇಷ್ಟು ನಿಧಾನಕ್ಕೆ ಹಣ್ಣು ತಿನ್ನುವ ಅಭ್ಯಾಸ ನನಗೆ ಬಂದದ್ದು ನಂದಿ ಬೆಟ್ಟದ ತಪ್ಪಲಿನಲ್ಲಿ. ದೊಡ್ಡಬಳ್ಳಾಪುರದ ಬಳಿ ಕನ್ವಲ್ ಗ್ರೋವರ್ 1988ರಲ್ಲಿ ಕಟ್ಟಿದ ವೈನರಿ ಅಲ್ಲಿದೆ. ಹೋದವರಿಗೆ ಮೊದಲು ದ್ರಾಕ್ಷಿ ಸಾಲು ತೋರಿಸುತ್ತಾರೆ, ಬಳಿಕ ಓಕ್ ಮರದ ಪೀಪಾಯಿಗಳನ್ನಿಟ್ಟ ತಂಪು ಕೋಣೆ, ಕೊನೆಗೆ ರುಚಿ ನೋಡುವ ಮೇಜು. ಲೋಟದ ಕಾಲು ಹಿಡಿದು ಎತ್ತಬೇಕು. ಬಿಳಿ ಹಾಳೆಯ ಎದುರು ಓರೆ ಮಾಡಿ ಬಣ್ಣ ನೋಡಬೇಕು. ಒಮ್ಮೆ ತಿರುಗಿಸಿ ಮೂಗಿಗೆ ಹಿಡಿಯಬೇಕು. ಆಮೇಲೆ ಒಂದೇ ಗುಟುಕು, ಅದೂ ನಾಲಿಗೆಯ ಮೇಲೆಲ್ಲ ಹರಿದಾಡಿದ ಮೇಲೆ. ಸೊವಿನ್ಯೋನ್ ಬ್ಲಾಂಕ್ ಹುಲ್ಲು ಕೊಯ್ದ ವಾಸನೆ ತರುತ್ತದೆ, ಶಿರಾಜ್ ಕರಿಮೆಣಸಿನದು. ಸುಮಾರು 900 ಮೀಟರ್ ಎತ್ತರದ ಆ ಕೆಂಪು ನೆಲ, ಹಗಲಿನ ಬಿಸಿಲು, ರಾತ್ರಿಯ ತಂಪು ಎಲ್ಲವೂ ಲೋಟದಲ್ಲಿದೆ ಎಂದು ವೈನರಿಯವರು ವಿವರಿಸಿದಾಗ ಕುಡಿಯದವರೂ ಬಗ್ಗಿ ಮೂಸಿ ನೋಡುತ್ತಾರೆ.

ಫ್ರಾನ್ಸಿನಲ್ಲೋ ಇಟಲಿಯಲ್ಲೋ ಊರೂರು ಸುತ್ತಿ ಚಿಕ್ಕ ವೈನರಿಗಳಲ್ಲಿ ಗುಟುಕು ಸವಿಯುವವರು ಹುಡುಕುವುದೂ ಇದನ್ನೇ, ಹಣ್ಣಿನ ವಿಳಾಸವನ್ನು. ಫ್ರಾನ್ಸ್ 1935ರಲ್ಲೇ ಕಾನೂನು ತಂದು, ಯಾವ ಊರಿನ ಹೆಸರನ್ನು ಯಾವ ವೈನಿಗೆ ಇಡಬಹುದೆಂದು ಕಟ್ಟುಪಾಡು ಮಾಡಿತು. ರೈತನ ಗುಡ್ಡದ ಹೆಸರು ಸೀಸೆಯ ಮೇಲೆ ಬಂತು, ಆ ಹೆಸರಿಗೆ ಬೆಲೆ ಬಂತು.

ಸಂತ್ರಾಕ್ಕೂ ವಿಳಾಸವಿದೆ. ಎರಡನೇ ರಘೂಜಿ ಭೋಸಲೆ ಔರಂಗಾಬಾದಿನಿಂದ ಗಿಡ ತರಿಸಿ ತಮ್ಮ ತೋಟದಲ್ಲಿ ನೆಡಿಸಿದರು, ಅಲ್ಲಿಂದ ಹಬ್ಬಿತು ಎಂದು ಊರಿನವರು ಹೇಳುತ್ತಾರೆ. ಈಗ ತೋಟಗಳಿರುವುದು ಕಾಟೋಲ್, ನರಖೇಡ್, ಕಳಮೇಶ್ವರದಲ್ಲಿ, ಅಮರಾವತಿ ಜಿಲ್ಲೆಯ ವರೂಡ್, ಮೋರ್ಶಿಗಳಲ್ಲಿ. ಮಾವು ಹೂವಾಗುವ ಹೊತ್ತಿಗೆ ಹೂ ಬಿಟ್ಟ ಫಸಲು ಆಂಬಿಯಾ ಬಹಾರ. ಚಳಿಗಾಲದ ಮೊದಲಲ್ಲಿ ಗಾಡಿಗೆ ಬರುವ ಹಣ್ಣು ಅದು. ಮೃಗಶಿರಾ ಮಳೆಗೆ ಹೂ ಬಿಟ್ಟದ್ದು ಮೃಗ ಬಹಾರ, ಅದು ಫೆಬ್ರವರಿ-ಮಾರ್ಚಿಗೆ. ಹೂ ಬರಿಸಲು ರೈತರು ಗಿಡಕ್ಕೆ ಕೆಲವು ವಾರ ನೀರು ನಿಲ್ಲಿಸುತ್ತಾರೆ. ತಾಣ್ ಕೊಡುವುದು ಎನ್ನುತ್ತಾರೆ. ನಮ್ಮ ವಿಜಯಪುರದ ದ್ರಾಕ್ಷಿ ಬೆಳೆಗಾರ ಅಕ್ಟೋಬರಿನಲ್ಲಿ ಚಾಟ್ನಿ ಮಾಡಿ, ಅಂದರೆ ಕಡ್ಡಿ ಸವರಿ, ಬಳ್ಳಿಯನ್ನು ಚಿಗುರಿಸುವುದೂ ಇಂಥದೇ ಕಲೆ. ಎರಡೂ ಕಡೆ ಗಿಡದ ಮನಸ್ಸು ತಿಳಿದವನಿಗೇ ಫಸಲು.

ಅಜ್ಜಿಯನ್ನು ಕೇಳಿದರೆ ತಟ್ಟನೆ ಉತ್ತರ ಬರುತ್ತದೆ: ಈ ಬದಿಯ ರಾಶಿ ಕಾಟೋಲಿನದು, ಆ ಬದಿಯದು ವರೂಡಿನದು. ಒಂದೊಂದು ತೊಳೆ ಎರಡರಿಂದಲೂ ತಿಂದು ನೋಡಿದೆ. ಒಂದರಲ್ಲಿ ಹುಳಿ ಮುಂದು, ಇನ್ನೊಂದರಲ್ಲಿ ರಸ ದಪ್ಪ. ವಿದರ್ಭದ ಎರೆಮಣ್ಣು ಒಂದೇ ಆದರೂ ನೀರು, ಗಿಡದ ವಯಸ್ಸು, ಕೊಯ್ದ ದಿನ ಬೇರೆ.

ಈ ರುಚಿಗೆ ಒಂದು ಹಟವೂ ಇದೆ. ಕೆಲವು ವೈನ್ ಸೀಸೆಯಲ್ಲಿ ವರ್ಷಗಟ್ಟಲೆ ಮಾಗುತ್ತವೆ. ನಾಗಪುರದ ಸಂತ್ರಾ ರಸವನ್ನು ಹಿಂಡಿಟ್ಟರೆ ಹೊತ್ತು ಕಳೆದಂತೆ ಕಹಿಯಾಗುತ್ತದೆ. ಲಿಮೊನಿನ್ ಎಂಬ ಅಂಶ ಅದಕ್ಕೆ ಕಾರಣ. ನಾಗಪುರದಲ್ಲೇ ಇರುವ ಕೇಂದ್ರೀಯ ನಿಂಬೆ ಜಾತಿ ಹಣ್ಣುಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ಕಹಿಯನ್ನು ಅಧ್ಯಯನ ಮಾಡಿದ್ದಾರೆ. ಹಾಗಾಗಿ ಇದರ ನಿಜವಾದ ಸವಿ ಬೇಕೆಂದರೆ ಇಲ್ಲಿಗೇ ಬರಬೇಕು, ಸುಲಿದ ಕೂಡಲೇ ತಿನ್ನಬೇಕು. ಪ್ರವಾಸಿಯನ್ನು ಊರಿಗೆ ಕರೆಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಕಾರಣ ಯಾವ ಹಣ್ಣಿಗಿದೆ?

ನಾಗಪುರದ ಸಂತ್ರಾಕ್ಕೆ 2014ರಲ್ಲಿ ಊರಿನ ಹೆಸರನ್ನು ಕಾಯುವ ಭೌಗೋಳಿಕ ಸೂಚಿಕೆ (ಜಿಐ) ಸಿಕ್ಕಿತು. ನಮ್ಮ ಕೊಡಗಿನ ಕಿತ್ತಳೆಗೆ ಅದಕ್ಕೂ ಮೊದಲೇ ಸಿಕ್ಕಿದೆ. ಆದರೆ ರೋಗಕ್ಕೆ ತುತ್ತಾಗಿ ಕಾಫಿ ತೋಟಗಳ ಕಿತ್ತಳೆ ಮರಗಳು ಕಣ್ಣೆದುರೇ ಕಡಿಮೆಯಾದವು. ಪೇಟೆಯಲ್ಲಿ ಬೇರೆ ಊರಿನ ಹಣ್ಣೇ ಕೊಡಗಿನ ಹೆಸರಿನಲ್ಲಿ ಮಾರಾಟವಾದರೂ ಕೇಳುವವರಿಲ್ಲ. ಪ್ರಮಾಣಪತ್ರ ಕಚೇರಿಯಲ್ಲಿದ್ದರೆ ಸಾಲದು. ಕೊಳ್ಳುವವನ ನಾಲಿಗೆಗೂ ಗುರುತು ಇರಬೇಕು. ಗುರುತು ಹಿಡಿಯುವ ಗಿರಾಕಿ ಇದ್ದರೆ ಒಳ್ಳೆಯ ಹಣ್ಣು ಬೆಳೆದವನಿಗೆ ಒಳ್ಳೆಯ ಬೆಲೆ ಸಿಗುತ್ತದೆ, ಮರ ಉಳಿಯುತ್ತದೆ.

ನಂದಿಯ ತಪ್ಪಲಿನಲ್ಲಿ ದ್ರಾಕ್ಷಿಗೆ ಸಿಕ್ಕ ಮರ್ಯಾದೆ ಕಾಟೋಲಿನ ಸಂತ್ರಾಕ್ಕೂ ಕೊಡಗಿನ ಸಿದ್ದಾಪುರದ ಕಿತ್ತಳೆಗೂ ಸಿಗಲಿ. ತೋಟದ ಬಾಗಿಲು ತೆರೆಯಲಿ. ಮರದ ನೆರಳಲ್ಲಿ ಒಂದು ಮೇಜು, ನಾಲ್ಕು ತೋಟದ ಹಣ್ಣು, ವಿವರಿಸಲು ಬೆಳೆದ ರೈತನೇ ಇರಲಿ. ಅಲ್ಲಿಯವರೆಗೆ ನಾವು ಮಾಡಬಹುದಾದದ್ದು ಇಷ್ಟು: ಹಣ್ಣು ಕೊಳ್ಳುವಾಗ ಬೆಲೆಗೆ ಮೊದಲು ತೋಟ ಯಾವುದೆಂದು ಕೇಳುವುದು. ಮಹಾಲಿನ ಗಾಡಿಯವರಿಗೆ ಉತ್ತರ ಗೊತ್ತಿದೆ. ಕೇಳುವವರು ಹೆಚ್ಚಿದರೆ ಬೇರೆ ಊರಿನ ಅಂಗಡಿಯವರೂ ತಿಳಿದುಕೊಳ್ಳುತ್ತಾರೆ.