ಹ್ಯಾಮರ್ ಡ್ರಿಲ್ ಯಂತ್ರದ ಸುರಕ್ಷಿತ ಬಳಕೆ: ಗ್ರಾಮ ಪಂಚಾಯತಿ ಸದಸ್ಯರು ಅರಿತಿರಬೇಕಾದ ಅಂಶಗಳು

ಮನೆ ಮನೆಗೆ ನಲ್ಲಿ ಸಂಪರ್ಕ, ಶಾಲೆ ಹಾಗೂ ಅಂಗನವಾಡಿ ಕಟ್ಟಡಗಳ ದುರಸ್ತಿ, ನಾಮಫಲಕ ಮತ್ತು ದೀಪಗಳ ಅಳವಡಿಕೆ ಮುಂತಾದ ಕಾಮಗಾರಿಗಳಲ್ಲಿ ರೋಟರಿ ಹ್ಯಾಮರ್ ಡ್ರಿಲ್ ಈಗ ಸಾಮಾನ್ಯ ಉಪಕರಣವಾಗಿದೆ. ಉಳಿ, ಸುತ್ತಿಗೆಯಿಂದ ಬಹಳ ಹೊತ್ತು ಹಿಡಿಯುತ್ತಿದ್ದ ಕೆಲಸ ಇದರಿಂದ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಆದರೆ ಯಂತ್ರದ ವೇಗದೊಡನೆ ಅಪಾಯವೂ ಹೆಚ್ಚಿದೆ. ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಜಂಬಿಟ್ಟಿಗೆಯ ಹಳೆಯ ಗೋಡೆಗಳು, ಮಳೆಗಾಲದ ತೇವ ಮತ್ತು ಪುರಾತನ ದೇವಾಲಯಗಳ ಸಾಮೀಪ್ಯ ಇರುವುದರಿಂದ ಸದಸ್ಯರು ಈ ವಿಷಯವನ್ನು ವಿಶೇಷವಾಗಿ ಗಮನಿಸುವುದು ಅವಶ್ಯ.

1. ಯಂತ್ರದ ಕಾರ್ಯವಿಧಾನ

ಸಾಮಾನ್ಯ ಡ್ರಿಲ್ ಕೇವಲ ತಿರುಗುತ್ತದೆ. ರೋಟರಿ ಹ್ಯಾಮರ್ ತಿರುಗುವುದರ ಜೊತೆಗೆ ಒಳಗಿನ ಪಿಸ್ಟನ್ ಉಂಟುಮಾಡುವ ಗಾಳಿಯ ಒತ್ತಡದಿಂದ ಬಿಟ್‌ನ ಹಿಂಬದಿಗೆ ಸತತವಾಗಿ ಬಡಿಯುತ್ತದೆ. ಕಲ್ಲನ್ನು ಪುಡಿಮಾಡುವುದು ಈ ಬಡಿತವೇ ಹೊರತು ಕೆಲಸಗಾರನ ತೋಳ್ಬಲವಲ್ಲ. ಮೈಭಾರ ಹಾಕಿ ಒತ್ತಿದರೆ ಕೆಲಸ ಬೇಗ ಸಾಗುವುದಿಲ್ಲ. ಬದಲಾಗಿ ಬಿಟ್ ಸಿಕ್ಕಿಕೊಳ್ಳುವ ಸಂಭವ ಹೆಚ್ಚುತ್ತದೆ. ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳಿಗೆ ಬಿಟ್ ಸಿಕ್ಕಿದಾಗ ಯಂತ್ರವೇ ಗಿರಕಿ ಹೊಡೆದು ಮಣಿಕಟ್ಟಿಗೆ ತೀವ್ರ ಪೆಟ್ಟಾಗಬಹುದು. ಆದ್ದರಿಂದ ಪಕ್ಕದ ಹಿಡಿಕೆಯನ್ನು ಕಳಚಿ, ಒಂದೇ ಕೈಯಲ್ಲಿ ಯಂತ್ರ ನಡೆಸಲು ಅವಕಾಶ ನೀಡಬಾರದು. ಇದೇ ಕಾರಣಕ್ಕೆ ಏಣಿಯ ಮೇಲೆ ನಿಂತು ಕೊರೆಯುವುದೂ ಸಲ್ಲದು. ಎತ್ತರದ ಕೆಲಸಕ್ಕೆ ಭದ್ರವಾದ ಅಟ್ಟಣೆ ಬೇಕು.

2. ಗೋಡೆಯ ಪೂರ್ವಪರಿಶೀಲನೆ

ಜಂಬಿಟ್ಟಿಗೆಯು ರಂಧ್ರಗಳಿಂದ ಕೂಡಿದ ಕಲ್ಲು. ಹಳೆಯ ಮನೆಗಳಲ್ಲಿ ಇದನ್ನು ಮಣ್ಣಿನ ಗಾರೆಯಲ್ಲಿ ಕಟ್ಟಿರುವುದುಂಟು. ಅಂತಹ ಗೋಡೆಗೆ ಪೂರ್ಣ ಬಡಿತ ಕೊಟ್ಟರೆ ರಂಧ್ರದ ಅಂಚು ಉದುರುವುದಲ್ಲದೆ ಸುತ್ತಲಿನ ಕಲ್ಲುಗಳ ಸಂದು ಸಡಿಲವಾಗುತ್ತದೆ. ಮೊದಲು ಬಡಿತವಿಲ್ಲದೆ, ತಿರುಗುವಿಕೆಯಿಂದ ಮಾತ್ರ 8 ಅಥವಾ 10 ಮಿ.ಮೀ. ರಂಧ್ರ ಮಾಡಿ, ಬಳಿಕ ಹಂತಹಂತವಾಗಿ ಹಿಗ್ಗಿಸುವುದು ಸೂಕ್ತ. ಅರ್ಧ ಇಂಚಿನ ಜಿ.ಐ. ಪೈಪಿನ ಹೊರವ್ಯಾಸ ಸುಮಾರು 21 ಮಿ.ಮೀ. ಇರುವುದರಿಂದ 25 ಮಿ.ಮೀ. ರಂಧ್ರ ಸಾಕಾಗುತ್ತದೆ. ಬಿರುಕು ಬಿಟ್ಟ, ಉಬ್ಬಿದ ಅಥವಾ ಮಳೆಯಲ್ಲಿ ನೆನೆದ ಮಣ್ಣಿನ ಗೋಡೆಗೆ ಇಂಜಿನಿಯರ್ ಪರಿಶೀಲಿಸದೆ ಯಂತ್ರ ಹಚ್ಚಬಾರದು.

ಗೋಡೆಯ ಆಚೆ ಬದಿಯನ್ನೂ ನೋಡತಕ್ಕದ್ದು. ಬಿಟ್ ಹೊರಬೀಳುವಾಗ ಕಲ್ಲಿನ ಚೂರುಗಳು ಸಿಡಿಯುತ್ತವೆ. ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳನ್ನು ಎರಡೂ ಬದಿಗಳಿಂದ ದೂರ ಕಳುಹಿಸಿ, ಒಬ್ಬರನ್ನು ಕಾವಲಿಗೆ ನಿಲ್ಲಿಸಿದ ನಂತರವೇ ಕೆಲಸ ಆರಂಭಿಸಬೇಕು. ಸಾಧ್ಯವಿದ್ದಲ್ಲಿ ರಜಾದಿನದಲ್ಲಿ ಕೈಗೊಳ್ಳುವುದು ಉತ್ತಮ.

3. ವಿದ್ಯುತ್ ಅಪಾಯ

ಗೋಡೆಯೊಳಗೆ ಹುದುಗಿದ ತಂತಿಗಳು ಸಾಮಾನ್ಯವಾಗಿ ಸ್ವಿಚ್ ಬೋರ್ಡಿನಿಂದ ನೇರ ಮೇಲಕ್ಕೆ, ಕೆಳಕ್ಕೆ ಅಥವಾ ಅಡ್ಡಕ್ಕೆ ಸಾಗುತ್ತವೆ. ಈ ರೇಖೆಗಳಲ್ಲಿ ಕೊರೆಯಬಾರದು. ಅನುಮಾನವಿದ್ದರೆ ಆ ಗೋಡೆಯ ಸರಬರಾಜನ್ನು ಮುಖ್ಯ ಸ್ವಿಚ್‌ನಲ್ಲಿ ಕಡಿತಗೊಳಿಸಿ, ಯಂತ್ರಕ್ಕೆ ಬೇರೆಡೆಯಿಂದ ವಿದ್ಯುತ್ ಪಡೆಯಬೇಕು. ಆ ಸಂಪರ್ಕವು 30 ಮಿಲಿಆಂಪಿಯರ್ ಸೋರಿಕೆಗೇ ಕಡಿತಗೊಳ್ಳುವ ಆರ್.ಸಿ.ಸಿ.ಬಿ. ರಕ್ಷಣೆ ಹೊಂದಿರಬೇಕು. ಸಾಮಾನ್ಯ ಫ್ಯೂಸ್ ತಂತಿಯನ್ನು ಕಾಪಾಡುತ್ತದೆಯೇ ಹೊರತು ಮನುಷ್ಯನ ಜೀವವನ್ನಲ್ಲ. ಟೇಪು ಸುತ್ತಿದ ವೈರು, ಪ್ಲಗ್ ಇಲ್ಲದೆ ಸಾಕೆಟ್ಟಿಗೆ ಸಿಕ್ಕಿಸಿದ ಬರಿ ತಂತಿ, ಮಳೆನೀರು ನಿಂತ ನೆಲ ಇವುಗಳಲ್ಲಿ ಯಾವುದೊಂದು ಕಂಡರೂ ಕೆಲಸ ನಿಲ್ಲಿಸತಕ್ಕದ್ದು. ಧೂಳು ಅಡಗಿಸಲು ಚಾಲನೆಯಲ್ಲಿರುವ ಯಂತ್ರದ ಬಳಿ ನೀರು ಎರಚುವುದು ಪ್ರಾಣಾಪಾಯಕಾರಿ.

4. ಕಣ್ಣಿಗೆ ಕಾಣದ ಅಪಾಯ: ಧೂಳು

ಕಲ್ಲು, ಇಟ್ಟಿಗೆ, ಕಾಂಕ್ರೀಟ್ ಕೊರೆದಾಗ ಏಳುವ ಧೂಳಿನಲ್ಲಿ ಸಿಲಿಕಾ ಕಣಗಳಿರುತ್ತವೆ. ಅತಿ ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲಿಯೇ ಉಳಿಯುತ್ತವೆ. ವರ್ಷಗಳ ಕಾಲ ಇದನ್ನು ಉಸಿರಾಡಿದವರಿಗೆ ಸಿಲಿಕೋಸಿಸ್ ಬರಬಹುದು. ಈ ರೋಗವನ್ನು ಗುಣಪಡಿಸುವ ಚಿಕಿತ್ಸೆ ಇಲ್ಲ. ಇದು ಕ್ಷಯರೋಗದ ಸಂಭವವನ್ನೂ ಹೆಚ್ಚಿಸುತ್ತದೆ. ಮುಖಕ್ಕೆ ಸುತ್ತಿದ ಟವೆಲ್ ಅಥವಾ ಕರವಸ್ತ್ರ ಈ ಕಣಗಳನ್ನು ತಡೆಯದು. ಮೂಗು, ಬಾಯಿಗೆ ಬಿಗಿಯಾಗಿ ಕೂರುವ ಎನ್-95 ಅಥವಾ ಎಫ್.ಎಫ್.ಪಿ.-2 ದರ್ಜೆಯ ಮಾಸ್ಕ್ ಅಗತ್ಯ. ಕೆಲಸದ ನಂತರ ಒಣ ಪೊರಕೆಯಿಂದ ಗುಡಿಸದೆ, ಯಂತ್ರದ ಪ್ಲಗ್ ತೆಗೆದು ಒದ್ದೆ ಬಟ್ಟೆಯಿಂದ ಒರೆಸಬೇಕು.

ಪಕ್ಕದಿಂದಲೂ ಕಣ್ಣು ಮುಚ್ಚುವ ರಕ್ಷಣಾ ಕನ್ನಡಕ ಮತ್ತು ಕಿವಿರಕ್ಷಕ ಕಡ್ಡಾಯವಾಗಿರಲಿ. ಹೆಗಲ ಮೇಲಿನ ಟವೆಲ್, ಸಡಿಲ ಲುಂಗಿ, ಜೋಲುವ ತೋಳಿನ ಅಂಗಿ ತಿರುಗುವ ಬಿಟ್‌ಗೆ ಸುತ್ತಿಕೊಳ್ಳುತ್ತವೆ. ಬಿಟ್ ಬದಲಿಸುವ ಮೊದಲು ಪ್ಲಗ್ ಕಳಚಬೇಕು; ಆಗತಾನೆ ಕೊರೆದ ಬಿಟ್ ಕೈ ಸುಡುವಷ್ಟು ಬಿಸಿಯಾಗಿರುತ್ತದೆ.

5. ಸಂರಕ್ಷಿತ ಸ್ಮಾರಕಗಳು

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೇದಾರೇಶ್ವರ, ತಾಳಗುಂದದ ಪ್ರಣವೇಶ್ವರ, ಸೊರಬ ತಾಲ್ಲೂಕಿನ ಕುಬಟೂರಿನ ಕೈಟಭೇಶ್ವರ ದೇವಾಲಯಗಳು ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿವೆ. ದೀಪದ ತಂತಿ ಕಟ್ಟಲೆಂದು ಒಂದು ಮೊಳೆಯ ರಂಧ್ರ ಕೊರೆದರೂ ಸ್ಮಾರಕಕ್ಕೆ ಹಾನಿಯಾಗುತ್ತದೆ. ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 1958ರ ಕಾಯ್ದೆಯಲ್ಲಿ, 2010ರ ತಿದ್ದುಪಡಿಯಂತೆ, 2 ವರ್ಷಗಳವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಸಂರಕ್ಷಿತ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿಂದ ಮುಂದಿನ 200 ಮೀಟರ್ ನಿಯಂತ್ರಿತ ಪ್ರದೇಶ. ಈ ವ್ಯಾಪ್ತಿಯಲ್ಲಿನ ಕಾಮಗಾರಿಗೆ ಯಾವ ಅನುಮತಿ ಬೇಕೆಂಬುದನ್ನು ಮಂಜೂರಾತಿಗೆ ಮೊದಲೇ ಖಚಿತಪಡಿಸಿಕೊಳ್ಳತಕ್ಕದ್ದು.

6. ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

- ಮಾಸ್ಕ್, ಕನ್ನಡಕ, ಕಿವಿರಕ್ಷಕ ಮತ್ತು ಆರ್.ಸಿ.ಸಿ.ಬಿ. ಸಹಿತ ಎಕ್ಸ್‌ಟೆನ್ಷನ್ ಬೋರ್ಡ್ ಒದಗಿಸುವುದನ್ನು ಕಾರ್ಯಾದೇಶದ ಷರತ್ತಾಗಿ ಸೇರಿಸುವುದು.
- ನೀರಗಂಟಿಗಳಿಗೆ ತರಬೇತಿ ನೀಡದೆ ಯಂತ್ರವನ್ನು ವಹಿಸದಿರುವುದು.
- ಕಳೆದ 12 ತಿಂಗಳಲ್ಲಿ 90 ದಿನ ನಿರ್ಮಾಣ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನ ಕಾರ್ಮಿಕರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಲು ನೆರವಾಗುವುದು.
- ಅವಘಡ ಸಂಭವಿಸಿದಲ್ಲಿ ಮೊದಲು ವಿದ್ಯುತ್ ಕಡಿತಗೊಳಿಸಿ, ಬಳಿಕ ಗಾಯಾಳುವನ್ನು ಮುಟ್ಟಿ, 108ಕ್ಕೆ ಕರೆ ಮಾಡುವಂತೆ ತಿಳಿವಳಿಕೆ ನೀಡುವುದು.

ಈ ಸಾಧನಗಳ ವೆಚ್ಚ ಕಾಮಗಾರಿಯ ಮೊತ್ತದಲ್ಲಿ ಅತ್ಯಲ್ಪ. ಸ್ಥಳಕ್ಕೆ ಭೇಟಿ ನೀಡುವ ಸದಸ್ಯರು ನಲ್ಲಿಯಲ್ಲಿ ನೀರು ಬಂದಿತೇ ಎಂದು ವಿಚಾರಿಸುವಂತೆಯೇ, ಗೋಡೆ ಕೊರೆದ ಕಾರ್ಮಿಕನಿಗೆ ಮಾಸ್ಕ್ ಕೊಡಲಾಗಿತ್ತೇ ಎಂದೂ ವಿಚಾರಿಸುವುದು ಅಪೇಕ್ಷಣೀಯ.