ಏಳನೇ ತರಗತಿಯ ಇಂಗ್ಲಿಷ್ ಪಿರಿಯಡ್ಡು

ಜುಲೈ ತಿಂಗಳಲ್ಲಿ ಹೊಸನಗರದ ಕಡೆ ಇಂಗ್ಲಿಷ್ ಪಾಠಕ್ಕೆ ಮೊದಲ ಅಡ್ಡಿ ಮಳೆ. ಹಂಚಿನ ಮಾಡಾದರೆ ಸ್ವಲ್ಪ ವಾಸಿ. ತಗಡಿನ ಶೀಟು ಹೊದೆಸಿದ ಕೋಣೆಯಾದರೆ ಮೇಡಂ ತುಟಿ ಆಡುವುದು ಕಾಣುತ್ತದೆ, ಮಾತು ಕೇಳುವುದಿಲ್ಲ. ಜಗಲಿಯ ತುಂಬ ಬಿಚ್ಚಿಟ್ಟ ಕೊಡೆಗಳು. ಕಿಟಕಿಯ ಸರಳಿಗೆ ಒದ್ದೆ ಸಾಕ್ಸುಗಳು. ಕರೆಂಟು ಬೆಳಗ್ಗೆಯೇ ಹೋಗಿದೆ. ಬಾಗಿಲ ಹತ್ತಿರದ ಬೆಂಚಿನವರಿಗೆ ಮಾತ್ರ ಪುಸ್ತಕದ ಅಕ್ಷರ ಸರಿಯಾಗಿ ಕಾಣುತ್ತದೆ. ಮೇಡಂ ‘ಶಿಪ್’ ಅಂದರೋ ‘ಶೀಪ್’ ಅಂದರೋ ಹಿಂದೆ ಕೂತವರಿಗೆ ಗೊತ್ತಾಗುವುದಿಲ್ಲ. ಕನ್ನಡವಾಗಿದ್ದರೆ ಅರ್ಧ ಮಾತು ಕಿವಿಗೆ ಬಿದ್ದರೂ ಉಳಿದರ್ಧವನ್ನು ಮಕ್ಕಳು ತಾವೇ ತುಂಬಿಕೊಳ್ಳುತ್ತಿದ್ದರು. ಮನೆಯಲ್ಲಿ ಯಾರೂ ಆಡದ ಭಾಷೆಯಲ್ಲಿ ಆ ಅನುಕೂಲ ಇಲ್ಲ. ಕೊನೆಗೆ ಮೇಡಂ ಸುಮ್ಮನಾಗಿ ಬೋರ್ಡಿನ ಕಡೆ ತಿರುಗುತ್ತಾರೆ, ಮಕ್ಕಳು ಬರೆದುಕೊಳ್ಳಲು ಶುರು ಮಾಡುತ್ತಾರೆ. ನಡುನಡುವೆ ಮಳೆ ರಜೆ ಬೇರೆ. ಶಾಲೆಯ ವರ್ಷ ಶುರುವಾದ ಮೊದಲ ತಿಂಗಳುಗಳಲ್ಲೇ ಕಿವಿಯಿಂದ ಬರಬೇಕಾದ ಭಾಷೆ ಹೀಗೆ ಬರೀ ಕೈಬರಹವಾಗಿಬಿಡುತ್ತದೆ.

ಮಳೆ ಹೊಳವಾದ ದಿನ ಪಾಠ ಓದಿಸುತ್ತಾರೆ. ಮೇಡಂ ಒಂದು ಸಾಲು, ಮಕ್ಕಳು ಒಟ್ಟಾಗಿ ಅದೇ ಸಾಲು. ರಸ್ತೆಯಲ್ಲಿ ಹೋಗುವವರಿಗೆ ಇಡೀ ತರಗತಿಯೇ ಸರಾಗವಾಗಿ ಇಂಗ್ಲಿಷ್ ಓದುತ್ತಿದೆ ಅನ್ನಿಸಬೇಕು, ಹಾಗಿರುತ್ತದೆ. ಹತ್ತಿರ ಹೋಗಿ ಮಕ್ಕಳ ಪುಸ್ತಕ ನೋಡಿದರೆ ಬೇರೆ ಕತೆ. ಪ್ರತಿ ಇಂಗ್ಲಿಷ್ ಪದದ ನೆತ್ತಿಯ ಮೇಲೆ ಪೆನ್ಸಿಲ್‌ನಲ್ಲಿ ಸಣ್ಣಗೆ ಕನ್ನಡ ಅಕ್ಷರ. ಹುಡುಗರ ಕಣ್ಣು ಓಡುತ್ತಿರುವುದು ಆ ಕನ್ನಡದ ಮೇಲೆ. ಕೆಲವರು ಪುಸ್ತಕ ನೋಡುತ್ತಲೇ ಇಲ್ಲ. ಮುಂದಿನ ಬೆಂಚಿನ ಇಬ್ಬರು ಹೇಳಿದ್ದನ್ನು ಅರೆಕ್ಷಣ ತಡವಾಗಿ ಹೇಳುತ್ತಿದ್ದಾರೆ. ಪಾಠದ ನಡುವಿನ ಯಾವುದೋ ಒಂದು ಸಾಲಿಗೆ ಬೆರಳಿಟ್ಟು, ಒಬ್ಬನನ್ನೇ ನಿಲ್ಲಿಸಿ ಓದಿಸಿದರೆ ನಿಜ ತಿಳಿಯುತ್ತದೆ. ಮೇಡಂಗೆ ಇದು ಗೊತ್ತಿಲ್ಲದ ವಿಷಯವಲ್ಲ. ಒಬ್ಬೊಬ್ಬರನ್ನೇ ಓದಿಸುತ್ತ ಕೂತರೆ ಪಾಠ ಮುಗಿಯುವುದಿಲ್ಲ. ಪಾಠ ಮುಗಿಯುವ ಮೊದಲೇ ಪರೀಕ್ಷೆ ಬಂದುಬಿಡುತ್ತದೆ. ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ.

ಹೆತ್ತವರ ಕೈಗೆ ಸಿಗುವುದು ನೋಟ್‌ಬುಕ್ಕು. ಅದರಲ್ಲಿ ಪ್ರಶ್ನೆ, ಉತ್ತರ, ಕೆಂಪು ಶಾಯಿಯ ಸರಿ ಗುರುತು, ಕೆಳಗೆ ಸಹಿ. ಒಂದೂ ತಪ್ಪಿಲ್ಲ. ಎಲ್ಲ ಮಕ್ಕಳ ಪುಸ್ತಕದಲ್ಲೂ ಅದೇ ಉತ್ತರ, ಅದೇ ಅಲ್ಪವಿರಾಮ, ಏಕೆಂದರೆ ಅದು ಬೋರ್ಡಿನಿಂದಲೋ ಗೈಡಿನಿಂದಲೋ ಇಳಿದದ್ದು. ಒಬ್ಬ ಹುಡುಗಿಯ ಪುಸ್ತಕವನ್ನು ಕಡೆಯ ಪುಟದಿಂದ ತಿರುಗಿಸಿದಾಗ ಮಾತ್ರ ಬೇರೇನೋ ಕಂಡಿತು. ಅಂಕುಡೊಂಕು ಅಕ್ಷರದಲ್ಲಿ, ಯಾರೂ ಹೇಳಿಕೊಡದ ಒಂದು ಸಾಲು: ‘ರೈನ್ ಕಮ್, ಸಂಕ ಗೋ, ಐ ನೋ ಸ್ಕೂಲ್.’

ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಳ್ಳ ಏರಿದೆ, ದಾಟಲು ಹಾಕಿದ್ದ ಮರದ ಸಂಕ ಕೊಚ್ಚಿಹೋಗಿದೆ, ಹುಡುಗಿ ಶಾಲೆಗೆ ಬಂದಿಲ್ಲ. ಮೇಡಂ ಕೆಂಪು ಪೆನ್ನು ತೆಗೆಯಲಿಲ್ಲ. “ಸಂಕ ಎಲ್ಲಿಗೆ ಹೋಯ್ತೇ ಮಾರಾಯ್ತಿ?” ಎಂದು ಕೇಳಿದರು. “ಹಳ್ಳದಲ್ಲಿ ತೇಲಿಹೋಯ್ತು ಮೇಡಂ. ಅಪ್ಪಯ್ಯ ಮತ್ತೆ ಹಾಕಿದ್ರು.” ಅದನ್ನು ಇಂಗ್ಲಿಷಿನಲ್ಲಿ ಹೀಗೆ ಹೇಳಬಹುದು ಎಂದು ಮೇಡಂ ಬೋರ್ಡಿನ ಮೇಲೆ ಬರೆದರು: ‘ದ ಸಂಕ ವಾಸ್ ವಾಶ್ಡ್ ಅವೇ. ಮೈ ಫಾದರ್ ಬಿಲ್ಟ್ ಇಟ್ ಅಗೇನ್.’ ಸಂಕ ಸಂಕವಾಗಿಯೇ ಉಳಿಯಿತು. ಪಕ್ಕದ ಬೆಂಚಿನ ಹುಡುಗನಿಗೆ ತಮ್ಮನೆ ಕೊಟ್ಟಿಗೆಗೆ ನೀರು ನುಗ್ಗಿದ್ದನ್ನು ಹೇಳಬೇಕು ಅನ್ನಿಸಿತು. ಇನ್ನೊಬ್ಬಳಿಗೆ ತೋಟಕ್ಕೆ ಔಷಧಿ ಹೊಡೆಯಲು ಮಳೆ ಬಿಡದ ಸುದ್ದಿ. ಆ ಪಿರಿಯಡ್ಡಿನಲ್ಲಿ ಪಾಠ ಒಂದು ಸಾಲೂ ಮುಂದೆ ಹೋಗಲಿಲ್ಲ. ಇಂಗ್ಲಿಷ್ ಮಾತ್ರ ಮುಂದೆ ಹೋಯಿತು.

ತಂದೆ ತಾಯಿ ಬಂದು ನೋಡಬೇಕಾದದ್ದು ಆ ಪುಟವನ್ನು. ಕ್ರಿಯಾಪದ ತಪ್ಪು, ಕಾಲ ತಪ್ಪು, ‘ದ’ ಇರಬೇಕಾದಲ್ಲಿ ಇಲ್ಲ. ಕನ್ನಡದಲ್ಲಿ ಆ ಜಾತಿಯ ಪದವೇ ಇಲ್ಲದಿರುವಾಗ ಮಗುವಿಗೆ ಅದು ಬೇಗ ಹತ್ತುವುದೂ ಇಲ್ಲ. ಕನ್ನಡದಲ್ಲಿ ಬರೆದದ್ದನ್ನು ಬರೆದ ಹಾಗೇ ಓದಿದರಾಯಿತು. ಇಂಗ್ಲಿಷಿನಲ್ಲಿ ಕಾಗುಣಿತ ಒಂದು, ಉಚ್ಚಾರ ಇನ್ನೊಂದು. ಇಷ್ಟೆಲ್ಲ ದಾಟಿಕೊಂಡು ಒಂದು ಮಗು ತನ್ನ ಮನೆಯ ಸುದ್ದಿಯನ್ನು ಪರಭಾಷೆಯಲ್ಲಿ ಹೇಳಲು ಹೊರಟಿದೆ ಅಂದರೆ ಕಲಿಕೆ ಶುರುವಾಗಿದೆ ಎಂದು ಅರ್ಥ. ಆದರೆ ಪೋಷಕರ ಸಭೆಯಲ್ಲಿ ಆ ಪುಟ ತೆರೆದರೆ ಅಪ್ಪಂದಿರ ಮುಖ ಸಪ್ಪಗಾಗುತ್ತದೆ. “ಇಷ್ಟು ತಪ್ಪು ಬರೀತದಲ್ಲ ಟೀಚರ್” ಅನ್ನುತ್ತಾರೆ. ನಕಲು ಮಾಡಿದ ಪುಟ ತೋರಿಸಿದರೆ ಸಮಾಧಾನ. ಈ ಸಮಾಧಾನಕ್ಕಾಗಿಯೇ ಎಷ್ಟೋ ಶಾಲೆಗಳಲ್ಲಿ ನಕಲಿನ ಪುಟಗಳು ಹೆಚ್ಚುತ್ತ ಹೋಗಿವೆ ಎಂಬುದು ನನ್ನ ಬಲವಾದ ಅನಿಸಿಕೆ.

ಹೆತ್ತವರ ಆತಂಕಕ್ಕೂ ಕಾರಣವಿದೆ. ಈಗಿನ ಅಪ್ಪ ಅಮ್ಮಂದಿರಲ್ಲಿ ಸರ್ಕಾರಿ ಶಾಲೆಯಲ್ಲಿ ಓದಿದ ಹೆಚ್ಚಿನವರಿಗೆ ಎಬಿಸಿಡಿ ಸಿಕ್ಕಿದ್ದು ಐದನೇ ತರಗತಿಯಲ್ಲಿ. 2007-08ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಬಂತು. ಹಾಗಾಗಿ ಏಳನೇ ತರಗತಿಗೆ ಬರುವ ಹೊತ್ತಿಗೆ ಮಗು ಆರು ವರ್ಷ ಅದನ್ನು ಕೇಳಿರುತ್ತದೆ. ಚಿಕ್ಕ ತರಗತಿಯಲ್ಲಿ ಪದ್ಯ, ಚಿತ್ರ, ಆಟ. ನೆನಪಿನ ಬಲದಲ್ಲೇ ಸಾಗುತ್ತದೆ. ಆರು, ಏಳಕ್ಕೆ ಬಂದಾಗ ಪಾಠಗಳು ಉದ್ದವಾಗುತ್ತವೆ, ಗೊತ್ತಿಲ್ಲದ ಪದದ ಅರ್ಥವನ್ನು ಹಿಂದುಮುಂದಿನ ಸಾಲಿನಿಂದ ಊಹಿಸಬೇಕಾಗುತ್ತದೆ. ಅದುವರೆಗೆ ಉರು ಹೊಡೆದು ಜಾಣ ಅನ್ನಿಸಿಕೊಂಡ ಮಗು ಇಲ್ಲೇ ಮುಗ್ಗರಿಸುತ್ತದೆ. ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆಯಾಗಿ ಇಂಗ್ಲಿಷ್ ಪತ್ರಿಕೆ ಕಾದಿದೆ. ಮಗು ಮುಗ್ಗರಿಸಿದ್ದು ಆರು ಏಳರಲ್ಲೇ ಕಣ್ಣಿಗೆ ಬಿದ್ದರೆ ಸರಿಪಡಿಸಲು ಸಮಯವಿದೆ.

ಸಾಗರದ ಪೇಟೆಗೆ, ತೀರ್ಥಹಳ್ಳಿಯ ಪೇಟೆಗೆ ಬೆಳಗ್ಗೆ ಎಂಟಕ್ಕೇ ಹಳ್ಳಿಗಳಿಂದ ವ್ಯಾನುಗಳು ಹೊರಡುತ್ತವೆ. ಇಂಗ್ಲಿಷ್ ಮಾಧ್ಯಮದ ಮಕ್ಕಳು. ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯ ಮಾಡುವಂತಿಲ್ಲ ಎಂದು 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. 2019ರಲ್ಲಿ ಸರ್ಕಾರವೇ ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಮಕ್ಕಳು ಬೆಂಗಳೂರಿನಲ್ಲಿ ತಲೆ ಎತ್ತಿ ಮಾತಾಡಲಿ ಎಂದು ಬಯಸುವ ತಂದೆ ತಾಯಿಯನ್ನು ನಾನು ತಪ್ಪು ಅನ್ನುವುದಿಲ್ಲ. ಆದರೆ ಮಾಧ್ಯಮ ಇಂಗ್ಲಿಷ್ ಆದ ಮಾತ್ರಕ್ಕೆ ಭಾಷೆ ಬಂದೇ ಬರುತ್ತದೆ ಎಂದು ನಂಬಿ ಕೂರುವುದು ಅಪಾಯ. ಅಂಥ ಶಾಲೆಯ ಏಳನೇ ತರಗತಿಯ ಹುಡುಗ ವಿಜ್ಞಾನದ ಉತ್ತರವನ್ನು ಇಂಗ್ಲಿಷಿನಲ್ಲಿ ಗಡಗಡ ಒಪ್ಪಿಸುತ್ತಾನೆ. ಅದನ್ನೇ ಅಜ್ಜಿಗೆ ಅರ್ಥವಾಗುವ ಹಾಗೆ ಕನ್ನಡದಲ್ಲಿ ಹೇಳು ಎಂದರೆ ನಿಂತುಬಿಡುತ್ತಾನೆ. ಅಲ್ಲಿ ಅವನಿಗೆ ಇಂಗ್ಲಿಷೂ ಬಂದಿಲ್ಲ, ವಿಜ್ಞಾನವೂ ಬಂದಿಲ್ಲ. ಕೆನಡಾದ ಜಿಮ್ ಕಮಿನ್ಸ್ ಎಂಬ ವಿದ್ವಾಂಸರು ವಲಸೆ ಬಂದ ಮಕ್ಕಳ ಕಲಿಕೆಯನ್ನು ಗಮನಿಸಿ 1979ರಲ್ಲಿ ಒಂದು ವಿಚಾರ ಮುಂದಿಟ್ಟರು: ಮನೆಮಾತಿನಲ್ಲಿ ಓದಿ ತಿಳಿಯುವ ಶಕ್ತಿ ಗಟ್ಟಿಯಾಗಿದ್ದರೆ ಅದು ಎರಡನೇ ಭಾಷೆಗೂ ಒದಗಿಬರುತ್ತದೆ ಎಂದು.

ಹೊಸನಗರ, ಸಾಗರ, ತೀರ್ಥಹಳ್ಳಿ ತಾಲ್ಲೂಕಿನವರು ಇದಕ್ಕೆ ಕೆನಡಾದವರೆಗೆ ಹೋಗಬೇಕಾಗಿಲ್ಲ. ಕುಪ್ಪಳಿಯ ಹುಡುಗ ಪುಟ್ಟಪ್ಪ ತೀರ್ಥಹಳ್ಳಿಯ ಆಂಗ್ಲೋ ವರ್ನಾಕ್ಯುಲರ್ ಶಾಲೆಯಲ್ಲಿ ಇಂಗ್ಲಿಷ್ ಕಲಿತು, ಮೈಸೂರಿಗೆ ಹೋಗಿ, 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವನಗಳ ಪುಸ್ತಕವನ್ನೇ ತಂದರು. ಕನ್ನಡದಲ್ಲಿ ಬರೆಯಿರಿ ಎಂದು ಅವರಿಗೆ ಹೇಳಿದವರು ಐರಿಷ್ ಕವಿ ಜೇಮ್ಸ್ ಕಸಿನ್ಸ್. ಮೇಳಿಗೆಯಲ್ಲಿ ಹುಟ್ಟಿದ ಅನಂತಮೂರ್ತಿ ಕಾಲೇಜಿನಲ್ಲಿ ಕಲಿಸಿದ್ದು ಇಂಗ್ಲಿಷ್. ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆಗೆ ಕೂತಿದ್ದಾಗ ಬರೆದದ್ದು ‘ಸಂಸ್ಕಾರ’. ಸಾಗರದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ ಅಡಿಕೆ ತೋಟದ ಜನಕ್ಕೆ ಶೇಕ್ಸ್‌ಪಿಯರನನ್ನೂ ಬ್ರೆಕ್ಟನನ್ನೂ ಕನ್ನಡದಲ್ಲೇ ಕೊಟ್ಟಿತು. 1985ರಿಂದ ತಿರುಗಾಟದ ತಂಡ ಆ ನಾಟಕಗಳನ್ನು ಊರೂರಿಗೆ ಒಯ್ದಿತು. ಎರಡು ಭಾಷೆ ಒಂದೇ ತಲೆಯಲ್ಲಿ ಜಗಳವಿಲ್ಲದೆ ಬಾಳಿದ ನೆಲ ಇದು. ಇಲ್ಲಿನ ಮನೆಗಳಲ್ಲೇ “ಕನ್ನಡ ಸಾಕು, ಇಂಗ್ಲಿಷ್ ಓದು” ಎಂದು ಮಕ್ಕಳ ಕೈಯಿಂದ ಕತೆ ಪುಸ್ತಕ ಕಿತ್ತುಕೊಳ್ಳುವುದನ್ನು ಕಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಮಗೆ ಇಂಗ್ಲಿಷ್ ಬರುವುದಿಲ್ಲ, ನಾವೇನು ಹೇಳಿಕೊಡುವುದು ಎಂದು ತಾಯಂದಿರು ಹಿಂದೆ ಸರಿಯುತ್ತಾರೆ. ತೀರ್ಥಹಳ್ಳಿ ಕಡೆಯ ಒಂದು ಮನೆಯಲ್ಲಿ ಅಡಿಕೆ ಸುಲಿಯುವ ಕಾಲ. ರಾತ್ರಿ ಊಟವಾದ ಮೇಲೆ ಅಂಗಳದಲ್ಲಿ ಬಲ್ಬು, ಮೆಟ್ಟುಗತ್ತಿಯ ಮುಂದೆ ಹೆಂಗಸರು, ಹಸಿ ಸಿಪ್ಪೆಯ ವಾಸನೆ. ಮಗಳು ಪಕ್ಕದಲ್ಲಿ ಕೂತು ಪಾಠ ಓದುತ್ತಾಳೆ. ತಾಯಿಯ ಕೈ ನಿಲ್ಲುವುದಿಲ್ಲ. “ಎಂತ ಅಂತೆ ಅದು?” ಅನ್ನುತ್ತಾಳೆ. ಹುಡುಗಿ ಕನ್ನಡದಲ್ಲಿ ಹೇಳುತ್ತಾಳೆ. “ಅವ ಹಂಗೆ ಯಾಕೆ ಮಾಡಿದ?” ಹುಡುಗಿಗೆ ಗೊತ್ತಿಲ್ಲ, ಮತ್ತೆ ಪುಟ ಹಿಂದಕ್ಕೆ ತಿರುಗಿಸುತ್ತಾಳೆ, ಬೆರಳಿಟ್ಟು ಓದುತ್ತಾಳೆ, ಉತ್ತರ ಸಿಗುತ್ತದೆ. ಆ ತಾಯಿಗೆ ಇಂಗ್ಲಿಷಿನ ಒಂದಕ್ಷರ ಬಾರದು. ಆದರೂ ಮಗಳು ಪಾಠವನ್ನು ಅರ್ಥಕ್ಕಾಗಿ ಎರಡನೇ ಸಲ ಓದುವ ಹಾಗೆ ಮಾಡಿದವಳು ಅವಳೇ. ಸುಲಿತದ ಗಡಿಬಿಡಿಯಲ್ಲಿ ದಿನವೂ ಇದು ಆಗಬೇಕೆಂದಿಲ್ಲ. ವಾರಕ್ಕೆರಡು ರಾತ್ರಿ ಆದರೂ ಸಾಕು.

ಶಾಲೆಯಲ್ಲಿ ಕೇಳುವ ಹಕ್ಕೂ ಹೆತ್ತವರಿಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಸರ್ಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು. ನಮ್ಮಲ್ಲಿ ಅದೇ ಎಸ್‌ಡಿಎಂಸಿ. ಅದರ ಸಭೆಗಳಲ್ಲಿ ಕಾಂಪೌಂಡು, ಶೌಚಾಲಯ, ಸೋರುವ ಮಾಡು ಇವುಗಳ ಚರ್ಚೆ ಆಗುತ್ತದೆ, ಆಗಲೂಬೇಕು. ಅಲ್ಲೇ ಇಂಗ್ಲಿಷಿನ ಮಾತೂ ಎತ್ತಬಹುದು. ಆರರಿಂದ ಎಂಟರವರೆಗೆ ಕಲಿಸುವ ಪದವೀಧರ ಶಿಕ್ಷಕರಲ್ಲಿ ಇಂಗ್ಲಿಷಿನವರು ನಮ್ಮ ಶಾಲೆಗೆ ಇದ್ದಾರೆಯೇ, ಹುದ್ದೆ ಖಾಲಿಯೇ? ವಾರದಲ್ಲಿ ಮಗು ತಾನೊಂದೇ ನಿಂತು ಓದುವ ಸರದಿ ಎಷ್ಟು ಸಲ ಬರುತ್ತದೆ? ಮಳೆಯ ತಿಂಗಳಲ್ಲಿ ಶೀಟಿನ ಕೋಣೆಯ ತರಗತಿಯನ್ನು ಹಂಚಿನ ಕೋಣೆಗೆ ಬದಲಿಸಲು ಸಾಧ್ಯವೇ? ಇನ್ನೊಂದು ಮಾತು: ಹೆಡ್‌ಮಾಸ್ಟರ ಕೋಣೆಯ ಬೀರುವಿನಲ್ಲಿ ಚಿತ್ರವಿರುವ ಸಣ್ಣ ಸಣ್ಣ ಇಂಗ್ಲಿಷ್ ಕತೆ ಪುಸ್ತಕಗಳು, ಕನ್ನಡದವೂ, ಎಷ್ಟೋ ಶಾಲೆಗಳಲ್ಲಿ ಹೊಸದಾಗಿಯೇ ಉಳಿದಿರುತ್ತವೆ. ಹರಿದುಹೋದರೆ ಲೆಕ್ಕ ಕೊಡಬೇಕಲ್ಲ ಎಂದು ಮೇಷ್ಟ್ರಿಗೆ ಅಂಜಿಕೆ. ಹರಿದರೆ ಹರಿಯಲಿ, ಲೆಕ್ಕಕ್ಕೆ ನಾವು ಜೊತೆಗಿರುತ್ತೇವೆ ಎಂದು ಸಮಿತಿಯವರು ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿದರೆ, ಮರುದಿನವೇ ಆ ಬೀರು ತೆರೆಯುತ್ತದೆ.